ಇವತ್ತಿನ ಮೊಗ್ಗು, ನಾಳೆಯ ಮೊಗ್ಗು

ನಮ್ಮ ಮಲ್ಲಿಗೆ ತೋಟಕ್ಕೆ ಹೂ ಕೊಯ್ಯಲು ಬಂದವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಹತ್ತು ನಿಮಿಷ ಯಾವ ಗಿಡಕ್ಕೂ ಕೈ ಹಾಕಬೇಡಿ, ಸುಮ್ನೆ ನೋಡಿ. ಬೆಳಗ್ಗೆ ಐದಕ್ಕೇ ಎದ್ದು ಮಂಗಳೂರಿನಿಂದಲೋ ಮಣಿಪಾಲದಿಂದಲೋ ಬುಟ್ಟಿ ಹಿಡಿದುಕೊಂಡು ಬಂದವರಿಗೆ ಇದು ಸ್ವಲ್ಪ ಬೇಸರದ ಮಾತೇ. ಮಕ್ಕಳಂತೂ ನಿಂತಲ್ಲಿ ನಿಲ್ಲುವುದಿಲ್ಲ. ಆದರೆ ಈ ಹತ್ತು ನಿಮಿಷ ಎಷ್ಟು ಮುಖ್ಯ ಅಂತ ನನಗೆ ಚೆನ್ನಾಗಿ ಗೊತ್ತು. ಅದನ್ನು ಬಿಟ್ಟ ಒಂದು ಭಾನುವಾರ ನಮ್ಮ ಮುಂದಿನ ಎರಡು ದಿನದ ಹೂ ಹೋಯಿತು.

ನಮ್ಮ ಮನೆ ಶಂಕರಪುರದ ಹತ್ತಿರ. ಹೆದ್ದಾರಿಯಲ್ಲಿ ಕಟಪಾಡಿಗೆ ಬಂದು ಶಿರ್ವದ ಕಡೆಗೆ ತಿರುಗಿದರೆ ಶಂಕರಪುರ ಸಿಗುತ್ತದೆ. ಹೊರಗಿನವರು ಉಡುಪಿ ಮಲ್ಲಿಗೆ ಅನ್ನುತ್ತಾರೆ, ನಾವು ಶಂಕರಪುರ ಮಲ್ಲಿಗೆ ಅನ್ನುತ್ತೇವೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಯ ಹಾಗೆ ಇದಕ್ಕೂ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಅನ್ನುವ ಸರ್ಕಾರದ ಗುರುತು ಉಂಟು. ಇಲ್ಲಿ ಮಲ್ಲಿಗೆ ತೋಟ ಅಂದರೆ ಎಕರೆಗಟ್ಟಲೆ ಜಾಗ ಅಂತ ತಿಳಿಯಬೇಡಿ. ನೂರು ಸೆಂಟ್ಸ್ ಸೇರಿದರೆ ಒಂದು ಎಕರೆ; ಮನೆಯ ಸುತ್ತ ಹತ್ತು ಹದಿನೈದು ಸೆಂಟ್ಸ್ ಇದ್ದರೆ ಅದೇ ತೋಟ. ಜಾಗ ಇಲ್ಲದವರು ತಾರಸಿಯಲ್ಲಿ ಕುಂಡ ಇಟ್ಟಿದ್ದಾರೆ. ಹಿಂದೂಗಳ ಮನೆ, ಕ್ರಿಶ್ಚಿಯನ್ನರ ಮನೆ ಅಂತ ಭೇದ ಇಲ್ಲ. ಹೆಚ್ಚಿನ ಕಡೆ ಮನೆಯ ಹೆಂಗಸರೇ ನಡೆಸುವ ಬೇಸಾಯ ಇದು. ನಮ್ಮದು 12 ಸೆಂಟ್ಸ್, 75 ಗಿಡ. ಅರ್ಧಕ್ಕಿಂತ ಜಾಸ್ತಿ ಗಿಡ ನಮ್ಮ ಅತ್ತೆ ನೆಟ್ಟದ್ದು.

ಗೊತ್ತಿಲ್ಲದವರಿಗೆ ಇಲ್ಲಿನ ಲೆಕ್ಕ ಹೇಳಿಬಿಡುತ್ತೇನೆ. ನಮ್ಮಲ್ಲಿ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವುದಿಲ್ಲ, ಕಿಲೋದಲ್ಲಿ ತೂಗುವುದೂ ಇಲ್ಲ. ಎಣಿಸುತ್ತೇವೆ. 800 ಹೂ ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಹೂ. ದರ ದಿನದಿನವೂ ಬೇರೆ. ಮದುವೆ ಕಾಲದಲ್ಲಿ, ಹೂ ಕಡಿಮೆ ಇರುವ ಚಳಿಯ ದಿನಗಳಲ್ಲಿ ಅಟ್ಟೆಗೆ 2,100 ರೂಪಾಯಿ ಸಿಕ್ಕಿದ್ದೂ ಉಂಟು. ಹೂ ರಾಶಿ ಬಿದ್ದ ದಿನ ಅದರ ಕಾಲು ಭಾಗವೂ ಸಿಗದೆ ಇದ್ದದ್ದೂ ಉಂಟು.

ಮೊಗ್ಗು ಬಿರಿಯುವ ಮೊದಲೇ ಕೊಯ್ಯಬೇಕು, ಕಟ್ಟಬೇಕು, ಹೊತ್ತು ಏರುವ ಮೊದಲು ಕೊಡಬೇಕು. ಕೊಯ್ಯದೆ ಬಿಟ್ಟ ಮೊಗ್ಗು ಸಂಜೆ ಗಿಡದಲ್ಲೇ ಅರಳುತ್ತದೆ. ಅಂಗಳ ತುಂಬಾ ಪರಿಮಳ. ಆದರೆ ಅರಳಿದ ಹೂವನ್ನು ವ್ಯಾಪಾರದವರು ತೆಗೆದುಕೊಳ್ಳುವುದಿಲ್ಲ. ಮಾರ್ಚ್ ಕೊನೆಯಿಂದ ಮೇವರೆಗೆ ನಮ್ಮ ಗಿಡಗಳಲ್ಲಿ ದಿನಕ್ಕೆ ಎರಡು ಅಟ್ಟೆಯಷ್ಟು ಮೊಗ್ಗು ಬರುತ್ತದೆ. ಒಂದು ಚೆಂಡು ಕೊಯ್ಯಲು ನನಗೆ ಮುಕ್ಕಾಲು ಗಂಟೆ ಬೇಕು. ಎಂಟು ಚೆಂಡಿಗೆ ಎಷ್ಟು ಹೊತ್ತು ಅಂತ ನೀವೇ ಲೆಕ್ಕ ಹಾಕಿ. ಮೊದಲು ಅತ್ತೆ, ನಾನು, ಮಗಳು ಮೂವರಿದ್ದೆವು. ಮಗಳು ಓದಲು ಹೋದಳು. ಅತ್ತೆಗೆ ಮಂಡಿನೋವು ಶುರುವಾಯಿತು. ಕೈ ಸಾಲದೆ ಮೊಗ್ಗು ಗಿಡದಲ್ಲೇ ಉಳಿಯತೊಡಗಿತು. ಸಂಜೆ ಹೊತ್ತು ಹಿಂದಿನ ಸಾಲಿನಲ್ಲಿ ಬೆಳ್ಳಗೆ ಅರಳಿ ನಿಂತ ಹೂ ಕಂಡಾಗ ಹೊಟ್ಟೆ ಉರಿಯುತ್ತಿತ್ತು.

ಆ ಹೊತ್ತಿಗೆ ಮಣಿಪಾಲದಿಂದ ಒಬ್ಬರು ಫೋನ್ ಮಾಡಿದರು. ಮನೆಯಲ್ಲಿ ಪೂಜೆ, ಒಂದು ಚೆಂಡು ಬೇಕು ಅಂದರು. ಕೊಯ್ಯಲು ಜನ ಇಲ್ಲ ಅಕ್ಕ, ಗಿಡದಲ್ಲಿ ಬೇಕಾದಷ್ಟು ಉಂಟು ಅಂದೆ. ಅವರು ತಟ್ಟನೆ, "ಹಾಗಾದ್ರೆ ನಾವೇ ಬಂದು ಕೊಯ್ಯಬಹುದಾ?" ಅಂತ ಕೇಳಿದರು. ಬಂದರು, ಗಂಡ ಹೆಂಡತಿ ಇಬ್ಬರೂ. ಎರಡು ಗಂಟೆ ಕೊಯ್ದರು. ಹೋಗುವಾಗ ಆಕೆಯ ಮುಖದಲ್ಲಿದ್ದ ಖುಷಿ ನೋಡಿಯೇ ನನಗೆ ಈ ಯೋಚನೆ ಹುಟ್ಟಿದ್ದು. ಪೇಟೆಯಲ್ಲಿ ಇರುವ ಎಷ್ಟೋ ಜನರಿಗೆ ಅಜ್ಜಿ ಮನೆಯ ಮಲ್ಲಿಗೆ ಗಿಡದ ನೆನಪು ಇರುತ್ತದೆ. ಗಿಡ ಇರುವುದಿಲ್ಲ. ನಮ್ಮಲ್ಲಿ ಗಿಡ ಉಂಟು, ಕೈ ಇಲ್ಲ.

ನಾಲ್ಕು ಕಡೆ ಹೇಳಿದೆ. ಏಪ್ರಿಲ್ ತಿಂಗಳ ಒಂದು ಭಾನುವಾರ ಹನ್ನೊಂದು ಜನ ಬಂದರು. ನಾನು ಚಾ ಮಾಡುವುದು, ಬುಟ್ಟಿ ಹಂಚುವುದು, ಮಾತಾಡುವುದು ಅಂತ ಓಡಾಡುತ್ತಿದ್ದೆ. ಬಿಳಿ ಮೊಗ್ಗು ಕೊಯ್ಯಿರಿ ಅಂತ ಮಾತ್ರ ಹೇಳಿದ್ದೆ. ಎಂಟೂವರೆಗೆ ಎಲ್ಲರೂ ಬುಟ್ಟಿ ತಂದು ಜಗಲಿಯಲ್ಲಿ ಇಟ್ಟರು. ಅತ್ತೆ ಒಂದು ಬುಟ್ಟಿಗೆ ಕೈ ಹಾಕಿ ಮೊಗ್ಗನ್ನು ಮೇಲೆ ಕೆಳಗೆ ಮಾಡಿ ನೋಡಿದರು. ಏನೂ ಹೇಳಲಿಲ್ಲ. ಬಂದವರೆಲ್ಲ ಹೋದ ಮೇಲೆ ನನ್ನನ್ನು ಗಿಡದ ಹತ್ತಿರ ಕರೆದುಕೊಂಡು ಹೋದರು. ಗೊಂಚಲುಗಳೇ ಇರಲಿಲ್ಲ. ನಾಳೆ ಬಿರಿಯಬೇಕಾದದ್ದು, ನಾಡಿದ್ದು ಬಿರಿಯಬೇಕಾದದ್ದು, ಎಲ್ಲವೂ ಬುಟ್ಟಿಗೆ ಹೋಗಿತ್ತು. ನಾಲ್ಕೈದು ಕಡೆ ಎಳೆಯ ಕೊಂಬೆಯೇ ಸಿಗಿದು ನೇತಾಡುತ್ತಿತ್ತು. ಸೋಮವಾರ ನಮಗೆ ಸಿಕ್ಕಿದ್ದು ಎರಡೂವರೆ ಚೆಂಡು. ಮಂಗಳವಾರ ಅದಕ್ಕಿಂತ ಸ್ವಲ್ಪ ಜಾಸ್ತಿ. ಮಂಗಳವಾರಕ್ಕೆ ಒಂದು ಮದುವೆ ಮನೆಗೆ ಮಾತು ಕೊಟ್ಟಿದ್ದೆವು. ಅಕ್ಕಪಕ್ಕದ ಮನೆಗಳಿಂದ ಕೇಳಿ ಹೂ ಹೊಂದಿಸಿ ಕೊಡಬೇಕಾಯಿತು.

ಬಂದವರದ್ದು ತಪ್ಪಲ್ಲ. ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಹೇಳಲು ನನಗೂ ಗೊತ್ತಿರಲಿಲ್ಲ ಅನ್ನುವುದು ನಿಜ. ಇಪ್ಪತ್ತು ವರ್ಷದಿಂದ ಕೊಯ್ಯುತ್ತಾ ಇದ್ದೇನೆ. ಕೈ ತಾನಾಗಿ ಹೋಗುತ್ತದೆ, ಸರಿಯಾದ ಮೊಗ್ಗನ್ನೇ ಹಿಡಿಯುತ್ತದೆ. ಅದು ಯಾಕೆ ಸರಿ ಅಂತ ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಆ ವಾರ ಅತ್ತೆಯನ್ನು ಗಿಡದ ಬುಡದಲ್ಲಿ ಕುರ್ಚಿ ಹಾಕಿ ಕೂರಿಸಿ ಒಂದೊಂದಾಗಿ ಕೇಳಿದೆ. ಅವರು ತುಳುವಿನಲ್ಲಿ ಎರಡೇ ಶಬ್ದ ಹೇಳುತ್ತಾರೆ. ಇನಿತ, ಎಲ್ಲೆದ. ಇವತ್ತಿನದ್ದು, ನಾಳೆಯದ್ದು. ಮಲ್ಲಿಗೆ ಕೊಯ್ಯುವ ವಿದ್ಯೆ ಎಲ್ಲ ಆ ಎರಡು ಶಬ್ದದಲ್ಲೇ ಇದೆ.

ಒಂದು ಗೊಂಚಲನ್ನು ಹತ್ತಿರದಿಂದ ನೋಡಿ. ಹೆಚ್ಚಾಗಿ ಮೂರು ಮೊಗ್ಗು ಇರುತ್ತವೆ. ನಡುವೆ ಒಂದು, ಆಚೆ ಈಚೆ ಒಂದೊಂದು. ನಡುವಿನದ್ದು ಅಣ್ಣ. ಅದು ಮೊದಲು ಬೆಳೆಯುತ್ತದೆ. ಅದು ಕೊಯ್ಲಿಗೆ ಬಂದ ದಿನ ಪಕ್ಕದ ಎರಡು ಇನ್ನೂ ಗಿಡ್ಡವಾಗಿ, ಸ್ವಲ್ಪ ಹಸಿರು ಛಾಯೆಯಲ್ಲಿ ಇರುತ್ತವೆ. ದೂರದಿಂದ ನೋಡಿದರೆ ಮೂರೂ ಬಿಳಿಯೇ. ಹಾಗಾಗಿ ಬಿಳಿ ಮೊಗ್ಗು ಕೊಯ್ಯಿರಿ ಅಂದರೆ ಜನ ಮೂರನ್ನೂ ಒಟ್ಟಿಗೆ ಚಿವುಟುತ್ತಾರೆ. ಇವತ್ತಿನ ಮೊಗ್ಗಿನ ಬಿಳಿ ಹಾಲಿನ ಬಿಳಿ. ನಾಳೆಯದ್ದರ ಬಿಳಿ ಎಳೆ ಬಾಳೆದಿಂಡಿನ ಒಳಗಿನ ಬಣ್ಣದ ಹಾಗೆ, ತೊಟ್ಟಿನ ಕಡೆ ಹಸಿರು ಉಳಿದಿರುತ್ತದೆ. ಇವತ್ತಿನದ್ದರ ಕತ್ತು ಉದ್ದ. ಹಸಿರು ತೊಟ್ಟಿನಿಂದ ಮೊಗ್ಗಿನ ತಲೆಯವರೆಗೆ ಒಂದು ತೆಳು ಕೊಳವೆ ಎದ್ದು ಕಾಣುತ್ತದೆ. ನಾಳೆಯದ್ದಕ್ಕೆ ಆ ಕತ್ತು ಇನ್ನೂ ಬಂದಿರುವುದಿಲ್ಲ, ತಲೆ ತೊಟ್ಟಿನ ಮೇಲೇ ಕೂತ ಹಾಗಿರುತ್ತದೆ.

ಬೆಳಗ್ಗೆ ಐದೂವರೆಗೆ, ಬೆಳಕು ಸರಿಯಾಗಿ ಹರಿಯುವ ಮೊದಲು, ಈ ಬಣ್ಣದ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಟಾರ್ಚಿನ ಬೆಳಕಿನಲ್ಲಿ ಎಲ್ಲವೂ ಬಿಳಿ ಕಾಣುತ್ತದೆ. ಆಗ ಬೆರಳೇ ಕಣ್ಣು. ಅತ್ತೆಗೆ ಪೊರೆ ಬಂದು ಒಂದು ಕಣ್ಣು ಮಂಜಾಗಿದೆ. ಆದರೂ ಅವರ ಬುಟ್ಟಿಯಲ್ಲಿ ನಾಳೆಯ ಮೊಗ್ಗು ನಾನು ಒಂದನ್ನೂ ಕಂಡಿಲ್ಲ. ಇವತ್ತಿನ ಮೊಗ್ಗು ಬೆರಳಿನ ಮಧ್ಯೆ ತುಂಬಿಕೊಂಡು ಸಿಗುತ್ತದೆ, ಸ್ವಲ್ಪ ಒತ್ತಿದರೆ ಮೆತ್ತಗೆ ಬಗ್ಗುತ್ತದೆ. ನಾಳೆಯದ್ದು ಅಕ್ಕಿ ಕಾಳಿನ ಹಾಗೆ ಗಟ್ಟಿ. ಇದನ್ನು ಹೇಳಿ ತಿಳಿಸುವುದು ಕಷ್ಟ, ಮುಟ್ಟಿಯೇ ನೋಡಬೇಕು.

ಈಗ ಆ ಹತ್ತು ನಿಮಿಷದಲ್ಲಿ ನಾವು ಮಾಡುವುದು ಇದನ್ನೇ. ಅತ್ತೆ ಕುರ್ಚಿಯಲ್ಲಿ ಕೂತು ಒಂದು ಕೊಂಬೆಯನ್ನು ಮೆಲ್ಲ ಬಗ್ಗಿಸಿ ಹಿಡಿಯುತ್ತಾರೆ. ಬಂದವರು ಒಬ್ಬೊಬ್ಬರಾಗಿ ಮುಟ್ಟಿ, ಇದು ಇವತ್ತಿನದ್ದು, ಇದು ನಾಳೆಯದ್ದು ಅಂತ ಹೇಳಬೇಕು. ಆಮೇಲೆ ಕಣ್ಣು ಮುಚ್ಚಿಕೊಂಡು ಅದನ್ನೇ ಮಾಡಬೇಕು. ಸುರತ್ಕಲ್ ಕಡೆಯಿಂದ ಬಂದ ಒಬ್ಬಳು ಎಂಟು ವರ್ಷದ ಹುಡುಗಿ ಮೊದಲ ಸಲ ಐದರಲ್ಲಿ ಮೂರು ತಪ್ಪು ಹೇಳಿದಳು. "ಅವಸರ ಬೇಡ ಮಗಾ, ಮೊಗ್ಗಿಗೇ ಕೇಳು" ಅಂದರು ಅತ್ತೆ. ಅವಳು ಎರಡನೇ ಸಲ ತುಂಬಾ ಹೊತ್ತು ತೆಗೆದುಕೊಂಡಳು. ಬೆರಳ ತುದಿಯಿಂದ ತೊಟ್ಟಿನಿಂದ ತಲೆಯವರೆಗೆ ಸವರಿ ಸವರಿ ನೋಡಿದಳು. ಐದಕ್ಕೆ ಐದೂ ಸರಿ. ಆ ದಿನ ಅವಳ ಅಪ್ಪನಿಗಿಂತ ಅವಳೇ ಜಾಸ್ತಿ ಕೊಯ್ದಳು.

ಕೊಯ್ಯುವ ರೀತಿಯೂ ಉಂಟು. ಎಳೆಯಬಾರದು. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಮೊಗ್ಗಿನ ಹಸಿರು ತೊಟ್ಟಿನ ಕೆಳಗೆ ಹಿಡಿದು, ಒಂದು ಪಕ್ಕಕ್ಕೆ ಸ್ವಲ್ಪ ಬಗ್ಗಿಸಿದರೆ ಟಿಕ್ ಅಂತ ಬಿಟ್ಟುಕೊಳ್ಳುತ್ತದೆ. ತೊಟ್ಟು ಮೊಗ್ಗಿನ ಜೊತೆಗೇ ಬರಬೇಕು. ತೊಟ್ಟಿಲ್ಲದ ಮೊಗ್ಗನ್ನು ಕಟ್ಟಲು ಆಗುವುದಿಲ್ಲ. ಉಗುರು ಉದ್ದ ಇದ್ದವರು ಮೊಗ್ಗಿನ ಮೈಗೆ ಗೀರು ಮಾಡುತ್ತಾರೆ, ಗೀರಿದ ಕಡೆ ಮಧ್ಯಾಹ್ನದೊಳಗೆ ಕಂದು ಕಲೆ ಏಳುತ್ತದೆ. ಹಾಗಾಗಿ ಮೊದಲೇ ಹೇಳಿ ಕಳಿಸುತ್ತೇನೆ, ಉಗುರು ಕತ್ತರಿಸಿಕೊಂಡು ಬನ್ನಿ, ಉಂಗುರ ತೆಗೆದಿಟ್ಟು ಬನ್ನಿ ಅಂತ. ಕೊಯ್ದ ಮೊಗ್ಗನ್ನು ಮುಷ್ಟಿಯಲ್ಲಿ ತುಂಬಾ ಹೊತ್ತು ಇಟ್ಟುಕೊಳ್ಳಬಾರದು, ಕೈಯ ಬಿಸಿಗೆ ಬಾಡುತ್ತದೆ. ಐದಾರು ಆದ ಕೂಡಲೇ ಬುಟ್ಟಿಗೆ ಹಾಕಬೇಕು. ಬುಟ್ಟಿಯ ಅಡಿಗೆ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ. ಪ್ಲಾಸ್ಟಿಕ್ ತೊಟ್ಟೆ (ಕವರ್) ತಂದವರಿಗೆ ಅದನ್ನು ಮಡಚಿ ಚೀಲದಲ್ಲಿ ಇಡಿ ಅನ್ನುತ್ತೇನೆ. ಅದರಲ್ಲಿ ಮೊಗ್ಗು ಬೆವರುತ್ತದೆ.

ಈಗ ಒಂದು ದಿನಕ್ಕೆ ಆರು ಜನಕ್ಕಿಂತ ಜಾಸ್ತಿ ಕರೆಯುವುದಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಗಿಡ. ಇವು ಇವತ್ತು ನಿಮ್ಮ ಗಿಡ ಅಂತ ತೋರಿಸಿ ಬಿಡುತ್ತೇನೆ. ಇದು ನಾನು ಮಾಡಿದ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು. ತೋಟದ ತುಂಬಾ ಓಡಾಡಿ ಕೈಗೆ ಸಿಕ್ಕಿದ್ದು ಕೊಯ್ಯುವವರಿಗೂ, ನಾಲ್ಕೇ ಗಿಡದ ಮುಂದೆ ನಿಂತವರಿಗೂ ತುಂಬಾ ವ್ಯತ್ಯಾಸ. ನಾಲ್ಕು ಗಿಡ ಅಂದಾಗ ಜನ ಸುತ್ತು ಬಂದು, ಎಲೆ ಎತ್ತಿ, ಒಳಗೆ ಬಗ್ಗಿ ನೋಡುತ್ತಾರೆ. ಮಲ್ಲಿಗೆಯ ಒಳ್ಳೆಯ ಮೊಗ್ಗು ಎಷ್ಟೋ ಸಲ ಎಲೆಯ ಅಡಿಯಲ್ಲೇ ಇರುತ್ತದೆ. ಎಲೆ ಎತ್ತುವ ಮೊದಲು ಒಂದು ಕೋಲಿನಿಂದ ಪೊದೆಯನ್ನು ಮೆಲ್ಲ ಅಲುಗಾಡಿಸಬೇಕು. ಕೆಂಪಿರುವೆ ಗೂಡು ಇರಬಹುದು. ಹಸಿರು ಹಾವೂ ಮಲ್ಲಿಗೆ ಪೊದೆಯಲ್ಲಿ ಮಲಗುವುದುಂಟು. ಇದನ್ನು ಮುಚ್ಚಿಟ್ಟು ಜನರನ್ನು ಕರೆಯುವುದು ಸರಿಯಲ್ಲ, ಬರುವ ಮೊದಲೇ ಹೇಳುತ್ತೇನೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಬಹಳ ಜನ ಕೇಳುವುದು ಇದನ್ನೇ. ಒಳಗೆ ಬರಲು ನಾನು ಟಿಕೆಟ್ ಇಟ್ಟಿಲ್ಲ. ಅವರವರು ಕೊಯ್ದ ಹೂವಿಗೆ ಆ ದಿನದ ಶಂಕರಪುರದ ದರ. ಅಟ್ಟೆಗೆ 1,000 ರೂಪಾಯಿ ಇದ್ದ ದಿನ ಚೆಂಡಿಗೆ 250. ಒಂದು ಮೊಗ್ಗಿಗೆ ಸುಮಾರು 31 ಪೈಸೆ ಬಂತು. ಬಂದವರು ಕೊಯ್ದದ್ದನ್ನು ಪ್ರತಿಸಲ ಎಣಿಸುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಒಂದೇ ಅಳತೆಯ ತೆಂಗಿನ ಗೆರಟೆ (ಕರಟ) ಮಾಡಿ ಇಟ್ಟಿದ್ದೇನೆ. ಒಂದು ದಿನ ಕೂತು ಗೆರಟೆ ತುಂಬಾ ಮೊಗ್ಗು ಹಾಕಿ, ಐದು ಸಲ ಎಣಿಸಿ, ನೂರಕ್ಕೆ ಗೆರೆ ಎಳೆದೆ. ಗೆರೆಯವರೆಗೆ ತುಂಬಿದರೆ ನೂರು, ನಂಬಿಕೆಯ ಅಳತೆ. ಮಳೆ ಬಂದ ಮರುದಿನ ಮೊಗ್ಗು ಸ್ವಲ್ಪ ದಪ್ಪ ಇರುತ್ತದೆ, ಆಗ ಗೆರೆಗಿಂತ ಒಂದು ಮುಷ್ಟಿ ಮೇಲೆ ಹಾಕಿ ಕೊಡುತ್ತೇನೆ. ಕಟ್ಟುವ ಕೂಲಿ ಉಳಿಯಿತಲ್ಲ, ದರ ಕಡಿಮೆ ಮಾಡಿ ಅಂತ ಕೆಲವರು ಕೇಳುತ್ತಾರೆ. ಅವರ ಮಾತಿನಲ್ಲಿ ನ್ಯಾಯ ಉಂಟು. ಆದರೆ ಒಬ್ಬರ ಜೊತೆ ನಿಂತು ಕಲಿಸುವುದಕ್ಕೆ, ತಪ್ಪಿ ಹೋದ ನಾಲ್ಕು ಮೊಗ್ಗಿಗೆ, ಚಾಕ್ಕೆ ಅದು ಸರಿಹೋಗುತ್ತದೆ ಅಂತ ಅವರಿಗೆ ಬಿಡಿಸಿ ಹೇಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ. ಒಂದು ಗಂಟೆ ಬಗ್ಗಿ ಕೊಯ್ದು ಗೆರಟೆಯಲ್ಲಿ ನಾನೂರು ಅಳೆದವರಿಗೆ, ಪೇಟೆಯಲ್ಲಿ ಸಿಗುವ ಒಂದು ಚೆಂಡು ಅಂದರೆ ಎಷ್ಟು ಕೆಲಸ ಅಂತ ಹೇಳಿಕೊಡಬೇಕಾಗಿಲ್ಲ.

ಔಷಧಿ ಹೊಡೆಯುವ ವಿಷಯ ನನಗೆ ದೊಡ್ಡ ಚಿಂತೆಯಾಗಿತ್ತು. ಮಲ್ಲಿಗೆಗೆ ಮೊಗ್ಗು ಕೊರೆಯುವ ಹುಳದ ಕಾಟ ಉಂಟು. ಮೊಗ್ಗಿಗೆ ತೂತು ಮಾಡಿ ಒಳಗೆ ತಿನ್ನುತ್ತದೆ, ಪಕ್ಕದ ಮೊಗ್ಗುಗಳನ್ನೂ ನೂಲು ಬಿಟ್ಟು ಸೇರಿಸಿಕೊಳ್ಳುತ್ತದೆ. ಇನ್ನೊಂದು ಸಣ್ಣ ನೊಣದ ಮರಿ. ಅದು ಹೊಕ್ಕರೆ ಮೊಗ್ಗಿನ ಬುಡ ಊದಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮಕ್ಕಳು ಬರುವ ತೋಟದಲ್ಲಿ ಕಂಡಕಂಡದ್ದನ್ನು ಹೊಡೆಯಲು ನನಗೆ ಮನಸ್ಸಿಲ್ಲ. ಈಗ ಬೇವಿನ ಎಣ್ಣೆ ಮಾತ್ರ. ಲೀಟರ್ ನೀರಿಗೆ 5 ಮಿಲಿ, ಸ್ವಲ್ಪ ಸಾಬೂನು ನೀರು ಸೇರಿಸಿ, ಸಂಜೆ ಹೊತ್ತು. ಜನ ಬರುವ ಮೂರು ದಿನ ಮೊದಲಿನಿಂದ ಅದೂ ಇಲ್ಲ, ಹೂವಿಗೆ ವಾಸನೆ ಹಿಡಿಯುತ್ತದೆ. ಬಂದವರ ಕೈಗೆ ಒಂದು ಸಣ್ಣ ಡಬ್ಬಿಯನ್ನೂ ಕೊಡುತ್ತೇನೆ. ನೇರಳೆ ಮೊಗ್ಗು, ತೂತು ಮೊಗ್ಗು ಕಂಡರೆ ಅದಕ್ಕೆ ಹಾಕಿ ಅಂತ. ಆರು ಜನ ಆರು ಡಬ್ಬಿ ತುಂಬಿ ಕೊಟ್ಟರೆ ನನ್ನ ಒಂದು ವಾರದ ಕೆಲಸ ಆಯಿತು. ಡಬ್ಬಿಯನ್ನು ಹಾಗೇ ಬೆಂಕಿಗೆ.

ಗಿಡಕ್ಕೆ ಗೊಬ್ಬರ ಹಳೆಯ ಕ್ರಮದ್ದೇ. ಕಡಲೆ ಹಿಂಡಿ, ಬೇವಿನ ಹಿಂಡಿ, ಸೆಗಣಿ ಸೇರಿಸಿ ಬ್ಯಾರೆಲ್‌ನಲ್ಲಿ ಕೊಳೆಸಿ, ತೆಳ್ಳಗೆ ಮಾಡಿ ಬುಡಕ್ಕೆ. ಇದರ ವಾಸನೆ ಎರಡು ದಿನ ಇರುತ್ತದೆ, ಹಾಗಾಗಿ ಸೋಮವಾರವೇ ಹಾಕಿ ಮುಗಿಸುತ್ತೇನೆ.

ಮಕ್ಕಳು ಬರಲು ಶುರುವಾದ ಮೇಲೆ ಮಲ್ಲಿಗೆಯ ಪಕ್ಕದ ಐದು ಸೆಂಟ್ಸ್‌ನಲ್ಲಿ ಬೇರೆ ಹೂ ಹಾಕಿದೆ. ತೀರಾ ಸಣ್ಣ ಮಕ್ಕಳಿಗೆ ಮಲ್ಲಿಗೆ ಮೊಗ್ಗಿನ ಲೆಕ್ಕ ಕಷ್ಟ. ಅವರಿಗೆ ಅಬ್ಬಲಿಗೆ ಸುಲಭ. ಘಟ್ಟದ ಮೇಲಿನವರು ಕನಕಾಂಬರ ಅನ್ನುತ್ತಾರಲ್ಲ, ಅದೇ. ಅರಳಿದ ಹೂ ಎದ್ದು ಕಾಣುತ್ತದೆ, ಹಗುರಕ್ಕೆ ಎಳೆದರೆ ತೆನೆಯಿಂದ ಜಾರಿ ಕೈಗೆ ಬರುತ್ತದೆ. ತೆನೆ ಮುರಿಯಬಾರದು ಅನ್ನುವುದೊಂದೇ ನಿಯಮ. ಆ ತೆನೆಯಲ್ಲಿ ಕೆಳಗಿನಿಂದ ಮೇಲಕ್ಕೆ ಇನ್ನೂ ಎಷ್ಟೋ ದಿನ ಹೂ ಬರಲಿಕ್ಕೆ ಉಂಟು. ಒಣಗಿದ ತೆನೆಗಳನ್ನು ನಾನು ಬಿಸಾಡುವುದಿಲ್ಲ, ಮಕ್ಕಳಿಗೆ ಅಂತಲೇ ಎತ್ತಿಡುತ್ತೇನೆ. ಒಂದು ಬಟ್ಟಲು ನೀರಿಗೆ ಹಾಕಿ ಸ್ವಲ್ಪ ಕಾದರೆ ಕಾಯಿಗಳು ಟಪ್ ಟಪ್ ಅಂತ ಸಿಡಿದು ಬೀಜ ಹಾರುತ್ತದೆ. ಗಿಡ ಮಳೆಗಾಗಿ ಕಾಯುವುದು ಹೀಗೆ. ಮೊದಲ ಹನಿ ಬಿದ್ದಾಗ ಬೀಜ ನೆಲಕ್ಕೆ. ಮಕ್ಕಳಿಗೆ ಇದನ್ನು ತೋರಿಸಿದರೆ ಅಪ್ಪ ಅಮ್ಮ ಕೊಯ್ದು ಮುಗಿಸುವವರೆಗೆ ಬಟ್ಟಲು ಬಿಟ್ಟು ಏಳುವುದಿಲ್ಲ.

ಹೂದಾನಿಗೆ ಬೇಕು ಅನ್ನುವವರಿಗೆ ಜೀನಿಯಾ, ಸುಗಂಧರಾಜ ಉಂಟು. ಜೀನಿಯಾ ಕೊಯ್ಯುವಾಗ ಒಂದು ಪರೀಕ್ಷೆ ಮಾಡಿ. ಹೂವಿನಿಂದ ಒಂದು ಗೇಣು ಕೆಳಗೆ ದಂಟನ್ನು ಹಿಡಿದು ಮೆಲ್ಲ ಅಲುಗಾಡಿಸಬೇಕು. ಹೂವಿನ ತಲೆ ಲಟಪಟ ತೂಗಿದರೆ ಅದು ಇನ್ನೂ ಬಲಿತಿಲ್ಲ, ಕೊಯ್ದರೆ ಮರುದಿನವೇ ಕತ್ತು ಬಾಗುತ್ತದೆ. ದಂಟು ಕೋಲಿನ ಹಾಗೆ ನೆಟ್ಟಗೆ ನಿಂತರೆ ಕತ್ತರಿ ಹಾಕಿ. ಸುಗಂಧರಾಜಕ್ಕೆ ಕೆಳಗಿನ ಎರಡು ಮೂರು ಹೂ ಬಿರಿದಿರಬೇಕು. ಎರಡಕ್ಕೂ ಕೊಯ್ದ ಕ್ಷಣವೇ ನೀರು ಬೇಕು. ಮನೆಗೆ ಹೋಗಿ ಇಡುತ್ತೇನೆ ಅಂದರೆ ಆಗುವುದಿಲ್ಲ, ಅದಕ್ಕೇ ಸಾಲಿನ ತುದಿಯಲ್ಲಿ ಬಕೆಟ್ ಇಟ್ಟಿರುತ್ತೇನೆ. ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತು ಹಾಕಿ, ಇಲ್ಲದಿದ್ದರೆ ನೀರು ಕೊಳೆತು ನಾರುತ್ತದೆ. ಒಂದು ವರ್ಷ ಜೀನಿಯಾವನ್ನು ಜೂನ್‌ನಲ್ಲಿ ಹಾಕಿ ನೋಡಿದೆ. ಎಲೆಯೆಲ್ಲ ಚುಕ್ಕಿ ಬಿದ್ದು ಕಪ್ಪಾಗಿ ಹೋಯಿತು. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ತೋಟ ಮುಚ್ಚುವುದೇ ಸರಿ.

ಮುಚ್ಚಿದರೂ ಒಂದು ಒಂಬತ್ತು ದಿನ ತೆರೆಯುತ್ತೇನೆ. ಸೆಪ್ಟೆಂಬರ್ 8 ಮೊಂತಿ ಫೆಸ್ತ್. ಮೇರಿ ಮಾತೆಯ ಜನ್ಮದಿನ, ಹೊಸ ಭತ್ತದ ತೆನೆಯ ಹಬ್ಬವೂ ಹೌದು. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬಾ ಹೂ ತಂದು ಬಾಲ ಮೇರಿಯ ಮೂರ್ತಿಗೆ ಅರ್ಪಿಸುತ್ತಾರೆ. ನಮ್ಮ ಪಕ್ಕದ ಮನೆಯ ಬಾಯಮ್ಮ ಹೇಳುತ್ತಿದ್ದರು, ಅವರು ಸಣ್ಣವರಿದ್ದಾಗ ಗುಡ್ಡೆಯಲ್ಲಿ, ಗದ್ದೆಯ ಬದುವಿನಲ್ಲಿ ಹೂ ಹುಡುಕಿ ಹೋಗುತ್ತಿದ್ದರಂತೆ. ಈಗ ಗುಡ್ಡೆಯಲ್ಲಿ ಮನೆಗಳಾಗಿವೆ, ಮಕ್ಕಳು ಅಂಗಡಿಯಿಂದ ತರುತ್ತಾರೆ. ಅವರು ಇದನ್ನು ಹೇಳಿದ ವರ್ಷವೇ ನಾನು ತಗಡಿನ ಮಾಡಿನ ಕೆಳಗೆ ಗ್ರೋ ಬ್ಯಾಗ್‌ನಲ್ಲಿ ಗೊಂಡೆ, ಅಂದರೆ ಚೆಂಡು ಹೂವಿನ ಗಿಡ ಹಾಕಿದೆ. ಜುಲೈ ಮೊದಲ ವಾರಕ್ಕೆ ಸಸಿ ನೆಟ್ಟರೆ ಆ ಹೊತ್ತಿಗೆ ಹೂ ಸಿಗುತ್ತದೆ. ಗಿಡ ಒಂದು ಗೇಣು ಬಂದಾಗ ತುದಿ ಚಿವುಟಬೇಕು, ಆಗ ಕವಲು ಜಾಸ್ತಿ. ಬೇಲಿಯಲ್ಲಿ ರತ್ನಗಂಧಿ, ದಾಸವಾಳ ಹೇಗೂ ಇವೆ. ಈ ಹೂವಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಕೊಡೆ ಹಿಡಿದು ಸಾಲಾಗಿ ಬರುವ ಮಕ್ಕಳನ್ನು ನೋಡಲು ಅತ್ತೆ ಬೆಳಗ್ಗೆಯೇ ಸೀರೆ ಬದಲಾಯಿಸಿ ಜಗಲಿಯಲ್ಲಿ ಕೂತಿರುತ್ತಾರೆ.

ಕೊಯ್ದಾದ ಮೇಲೆ ಕಟ್ಟುವುದು. ಇದು ಬೇಕಾದವರಿಗೆ ಮಾತ್ರ. ನಾವು ನೂಲಿನಲ್ಲಿ ಕಟ್ಟುವುದಿಲ್ಲ, ಬಾಳೆ ನಾರಿನಲ್ಲಿ. ಬಾಳೆದಿಂಡಿನ ಹೊರಪದರ ಒಣಗಿಸಿ, ಕಟ್ಟುವ ಮೊದಲು ನೀರಿನಲ್ಲಿ ನೆನೆಸಿ, ತೆಳ್ಳಗೆ ಸೀಳಬೇಕು. ಒದ್ದೆ ನಾರು ಮೆತ್ತಗಿರುತ್ತದೆ, ತೊಟ್ಟನ್ನು ಕತ್ತರಿಸುವುದಿಲ್ಲ, ಹೂವಿಗೆ ತಂಪನ್ನೂ ಕೊಡುತ್ತದೆ. ಮೊಗ್ಗುಗಳನ್ನು ಎದುರು ಬದುರು ಇಟ್ಟು, ನಾರು ಒಂದು ಸುತ್ತು ತಂದು, ಬೆರಳಿನಲ್ಲಿ ಕುಣಿಕೆ ಮಾಡಿ ಬಿಗಿಯಬೇಕು. ಜಾಸ್ತಿ ಬಿಗಿದರೆ ತೊಟ್ಟು ಮುರಿಯಿತು, ಸಡಿಲ ಆದರೆ ಸಂಜೆ ಅರಳುವಾಗ ಉದುರಿತು. ಮೊದಲ ದಿನ ಯಾರಿಗೂ ಬರುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಸತತ ನಾಲ್ಕು ಭಾನುವಾರ ಬಂದು ಕಲಿತರು. ಹೆಂಡತಿ ತೀರಿಕೊಂಡ ಮೇಲೆ ಮನೆಯ ದೇವರಿಗೆ ಹೂ ಕಟ್ಟುವವರಿಲ್ಲ ಅಂತ ಮೊದಲ ದಿನ ಹೇಳಿದ್ದರು. ನಾಲ್ಕನೇ ವಾರ ಅರ್ಧ ಚೆಂಡು ಕಟ್ಟಿ ಬಾಳೆ ಎಲೆಯಲ್ಲಿ ಸುತ್ತಿಕೊಂಡು ಹೋದರು. ಅವರು ಕಟ್ಟಿದ್ದನ್ನು ಅತ್ತೆ ಕೈಯಲ್ಲಿ ಹಿಡಿದು ಎರಡು ಸಲ ಕೊಡವಿದರು, ಒಂದು ಮೊಗ್ಗೂ ಬೀಳಲಿಲ್ಲ.

ಮನೆಗೆ ತೆಗೆದುಕೊಂಡು ಹೋದವರು ಏನು ಮಾಡಬೇಕು? ಬಾಳೆ ಎಲೆ ಬಿಚ್ಚಬೇಡಿ. ಫ್ರಿಜ್ಜಿನ ತೀರಾ ತಣ್ಣನೆ ಜಾಗ ಬೇಡ, ಮನೆಯ ತಂಪಾದ ಮೂಲೆ ಸಾಕು. ಮೇಲೆ ನೀರು ಸುರಿಯಬೇಡಿ, ಎಲೆಯ ಹೊರಗೆ ಒದ್ದೆ ಬಟ್ಟೆ ಹೊದಿಸಿದರೆ ಆಯಿತು. ಸಂಜೆ ಆರರ ಮೇಲೆ ಬಿಚ್ಚಿ. ಏಳಕ್ಕೆ ಮೊದಲ ಮೊಗ್ಗು ಬಾಯಿ ಬಿಡುತ್ತದೆ. ನೀವು ಕೊಯ್ದದ್ದರಲ್ಲಿ ನಾಳೆಯ ಮೊಗ್ಗು ಎಷ್ಟಿತ್ತು ಅಂತ ಆಗ ತಾನಾಗಿ ತಿಳಿಯುತ್ತದೆ. ಎಲ್ಲ ಅರಳಿದ ಮೇಲೂ ಅವು ಮಾತ್ರ ಮುಚ್ಚಿಕೊಂಡೇ ಇರುತ್ತವೆ. ಎಷ್ಟೋ ಜನ ಆ ಹೊತ್ತಿಗೆ ಫೋಟೋ ತೆಗೆದು ಕಳಿಸುತ್ತಾರೆ, ನಾನು ಅತ್ತೆಗೆ ದೊಡ್ಡದು ಮಾಡಿ ತೋರಿಸುತ್ತೇನೆ. ಅವರು ಅರಳದೆ ಉಳಿದದ್ದನ್ನು ಎಣಿಸುತ್ತಾರೆ.

ಮಳೆ ಬಿಟ್ಟ ಮೇಲೆ ಗಿಡ ಸವರುತ್ತೇವೆ, ಅಂದರೆ ಕೊಂಬೆ ಕತ್ತರಿಸುತ್ತೇವೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಸವರದೆ ಹೂ ಇಲ್ಲ. ಎಲ್ಲವನ್ನೂ ಒಟ್ಟಿಗೆ ಸವರಿದರೆ ಒಳ್ಳೆಯ ದರ ಇರುವ ಚಳಿ ತಿಂಗಳಲ್ಲಿ ಕೈ ಖಾಲಿ. ಅದಕ್ಕೆ ಸಾಲು ಬಿಟ್ಟು ಸಾಲು. ಈ ವರ್ಷ ಆರು ಸಾಲಿನಲ್ಲಿ ಮೂರು ಮುಗಿದಿದೆ. ಚಿಗುರು ಬಂದು ಮೊಗ್ಗು ಕಟ್ಟಲು ಒಂದೂವರೆ ಎರಡು ತಿಂಗಳು ಬೇಕು. ಸುರತ್ಕಲ್ಲಿನ ಆ ಹುಡುಗಿ ಮೊನ್ನೆ ಅಮ್ಮನ ಫೋನಿನಿಂದ ಕರೆ ಮಾಡಿ, ಅವಳ ನಾಲ್ಕು ಗಿಡ ಹೇಗಿದೆ ಅಂತ ಕೇಳಿದಳು. ಅವು ಇರುವುದು ಎರಡನೇ ಸಾಲಿನಲ್ಲಿ, ಸವರಿ ಆಗಿದೆ, ಎಳೆ ಎಲೆ ಬಂದಿದೆ ಅಂದೆ.